ಯು.ಡಿ.ಆರ್. ಕಡತದಿಂದ ಹುಟ್ಟಿದ ಕಾದಂಬರಿ: ನನ್ನ ಅನುಭವ

ಪತ್ತೇದಾರಿ ಸರಣಿಯ ಮೊದಲ ಪುಸ್ತಕಕ್ಕೆ ಕೈಹಾಕಿದಾಗ, ಕೊಲೆಗಾರ ಯಾರೆಂದು ನಿರ್ಧರಿಸುವುದಕ್ಕೂ ಮೊದಲೇ ನಾಯಕಿಯ ಹುದ್ದೆಯನ್ನು ನಿರ್ಧರಿಸಿದೆ. ಅವಳು ಚಿತ್ರದುರ್ಗ ಜಿಲ್ಲೆಯ ಗ್ರಾಮಾಂತರ ಠಾಣೆಯೊಂದರ ಪಿಎಸ್‌ಐ. ಅಸಹಜ ಸಾವಿನ ಪ್ರಕರಣವನ್ನು, ಠಾಣೆಯವರ ಮಾತಿನಲ್ಲಿ ಯು.ಡಿ.ಆರ್. ಅನ್ನು, ಪಿಎಸ್‌ಐ ನೋಡಿಕೊಳ್ಳುತ್ತಾರೆ. ಅದೇ ಸಾವು ಕೊಲೆಯೆಂದು ಗೊತ್ತಾದರೆ ತನಿಖೆ ಸಾಮಾನ್ಯವಾಗಿ ಸರ್ಕಲ್ ಇನ್‌ಸ್ಪೆಕ್ಟರ್ ಕೈಸೇರುತ್ತದೆ. ಹೀಗಾಗಿ ನನ್ನ ನಾಯಕಿ ಸತ್ಯಕ್ಕೆ ಹತ್ತಿರವಾದಷ್ಟೂ ಕಡತ ಅವಳ ಕೈತಪ್ಪುತ್ತದೆ. ಇಡೀ ಕಾದಂಬರಿಯ ಬಿಗಿ ನನಗೆ ದಕ್ಕಿದ್ದು ಈ ಪದ್ಧತಿಯಿಂದಲೇ.

ಚಿತ್ರದುರ್ಗವೆಂದೊಡನೆ ಏಳುಸುತ್ತಿನ ಕೋಟೆಯೂ ಓಬವ್ವನ ಕಿಂಡಿಯೂ ಓದುಗರ ಕಣ್ಣಮುಂದೆ ಬರುತ್ತವೆ. ಅಲ್ಲಿ ಹೆಣ ಬೀಳಿಸುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಆ ಕಲ್ಲುಗಳಿಗೆ ಅವುಗಳದೇ ಕಥೆಗಳಿವೆ. ಕಲ್ಲು ತೆಗೆದು ಕೈಬಿಟ್ಟ, ಮಳೆನೀರು ನಿಂತ ಒಂದು ಕ್ವಾರಿಯನ್ನು ಆರಿಸಿಕೊಂಡೆ. ಸತ್ತವನು ದಾವಣಗೆರೆಯ ಮಂಡಕ್ಕಿ ಭಟ್ಟಿಯ ಕೆಲಸಗಾರ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು ಇಲ್ಲಿ ನನ್ನ ನೆರವಿಗೆ ಬಂತು: ಕಾಣೆಯಾದ ದೂರು ಒಂದು ಜಿಲ್ಲೆಯಲ್ಲಿ, ಶವ ಇನ್ನೊಂದರಲ್ಲಿ. ನಡುವೆ ಹೆದ್ದಾರಿಯಲ್ಲಿ ಒಂದು ಗಂಟೆಯ ಹಾದಿ ಅಷ್ಟೇ, ಆದರೆ ಕಾಗದ ಆ ಹಾದಿ ಸವೆಸುವಷ್ಟರಲ್ಲಿ ಶವವನ್ನು ವಾರಸುದಾರರಿಲ್ಲದ್ದೆಂದು ಮಣ್ಣು ಮಾಡಿಯಾಗಿರುತ್ತದೆ.

ಅತಿ ಹೆಚ್ಚು ಶ್ರಮ ಪಟ್ಟದ್ದು ಶವ ಪಂಚನಾಮೆಯ ಅಧ್ಯಾಯಕ್ಕೆ. ‘ಮೃತನ ಅಂಗಿಯ ಜೇಬಿನಲ್ಲಿ ಏನೂ ಇರುವುದಿಲ್ಲ’ ಎಂಬ ಸಾಲನ್ನು ಮಹಜರಿನ ಭಾಷೆಯಲ್ಲೇ ಇಟ್ಟೆ. ಮಂಡಕ್ಕಿ ಅರಳುವುದು ಕಾದ ಮರಳಿನಲ್ಲಿ. ಬಾಣಲೆಯ ಮುಂದೆ ದಿನವಿಡೀ ನಿಲ್ಲುವವನ ಜೇಬಿನ ಹೊಲಿಗೆಯಲ್ಲಿ ಆ ಕಪ್ಪು ಮರಳಿನ ಕಣಗಳು ಸಿಕ್ಕಿಕೊಂಡಿರುತ್ತವೆ. ನಾಯಕಿ ಜೇಬನ್ನು ಒಳಮಗ್ಗುಲು ಮಾಡಿ, ಹೊಲಿಗೆಯನ್ನು ಉಗುರಿನಿಂದ ಬಿಡಿಸಿ, ಬಿಳಿ ಹಾಳೆಯ ಮೇಲೆ ಕೊಡವುತ್ತಾಳೆ. ಸತ್ತವನು ಯಾವ ಊರಿನವನೆಂಬ ಮೊದಲ ಸುಳಿವು ಅದೇ.

ಎರಡನೆಯ ಸುಳಿವು ನೀರಿನದು. ಜೀವಂತವಾಗಿ ಮುಳುಗಿದವನು ನೀರನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತಾನೆ. ಆ ನೀರಿನಲ್ಲಿರುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು, ಹೃದಯ ಇನ್ನೂ ಮಿಡಿಯುತ್ತಿರುವುದರಿಂದ, ರಕ್ತದೊಡನೆ ಮೂಳೆಯ ಮಜ್ಜೆಯವರೆಗೂ ತಲುಪಬಹುದು. ಕೊಂದು ಎಸೆದವನ ಮಜ್ಜೆಯಲ್ಲಿ ಅವು ಸಾಮಾನ್ಯವಾಗಿ ಸಿಗುವುದಿಲ್ಲ. ಇದೊಂದೇ ಪರೀಕ್ಷೆಯಿಂದ ತೀರ್ಪು ಹೇಳಲಾಗದು, ಏಕೆಂದರೆ ಮುಳುಗಿ ಸತ್ತವರಲ್ಲಿಯೂ ಕೆಲವೊಮ್ಮೆ ಡಯಾಟಮ್ ಸಿಗುವುದಿಲ್ಲ. ಈ ಅನಿಶ್ಚಯವನ್ನು ಮುಚ್ಚಿಡದೆ ವೈದ್ಯರ ಬಾಯಿಂದಲೇ ಹೇಳಿಸಿದೆ. ಹೋಲಿಸಿ ನೋಡಲು ಸ್ಥಳದ ನೀರೂ ಬೇಕು. ಅದನ್ನು ಯಾರೂ ಸಂಗ್ರಹಿಸಿರದ ಕಾರಣ ಮರುದಿನ ಅವಳೇ ಕ್ವಾರಿಗೆ ಇಳಿದು ಸೀಸೆ ತುಂಬಿಸುತ್ತಾಳೆ.

ಕಥೆಯನ್ನು 2019ರಲ್ಲಿ ಇಟ್ಟದ್ದಕ್ಕೂ ಕಾರಣವಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಹೊಸ ಅಪರಾಧ ಪ್ರಕ್ರಿಯಾ ಕಾನೂನಿನ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವೀಡಿಯೊ ಚಿತ್ರೀಕರಿಸಬೇಕು. ನನ್ನ ಕಥೆ ನಿಂತಿರುವುದು ಕ್ಯಾಮೆರಾ ಇಲ್ಲದೆ, ಪಂಚರ, ಅಂದರೆ ಸ್ಥಳದಲ್ಲಿ ಸಾಕ್ಷಿಗಳಾಗಿ ನಿಂತವರ, ಸಹಿಯ ಬಲದ ಮೇಲಷ್ಟೇ ನಡೆದ ಮಹಜರಿನ ಮೇಲೆ.

ಕರಾಳ ಕಥೆಗೆ ರಕ್ತದ ವರ್ಣನೆ ಬೇಕೆಂದು ನನಗೆ ಅನ್ನಿಸುವುದಿಲ್ಲ. ಸತ್ತವನ ಹೆಂಡತಿ ನಾಯಕಿಯ ಮುಂದೆ ಕುಳಿತು, ‘ಕಂಪ್ಲೇಂಟ್ ಬರ್ಕೊಳ್ರಿ ಅಂತ ಕೈಮುಗಿದೆ ಮೇಡಂ, ಬರ್ತಾನೆ ಹೋಗಮ್ಮ ಅಂದ್ರು’ ಎನ್ನುವ ಪುಟವೇ ನನ್ನ ದೃಷ್ಟಿಯಲ್ಲಿ ಕಾದಂಬರಿಯ ಅತ್ಯಂತ ಕತ್ತಲಿನ ಪುಟ. ಅದನ್ನು ಬರೆಯುವಾಗ ವಿಶೇಷಣಗಳನ್ನು ಒಂದೊಂದಾಗಿ ತೆಗೆದುಹಾಕುತ್ತಾ ಹೋದೆ.

ಸರಣಿ ಮುಂದುವರಿಯಲಿದೆಯೆಂಬ ನೆಪದಲ್ಲಿ ಮೊದಲ ಪುಸ್ತಕದ ಕೊಲೆಯನ್ನು ಬಿಡಿಸದೆ ಬಿಡುವುದು ಓದುಗರಿಗೆ ಬಗೆಯುವ ದ್ರೋಹ. ಆದ್ದರಿಂದ ಕೊಲೆಗಾರ ಸಿಗುತ್ತಾನೆ, ಸರ್ಕಲ್ ಇನ್‌ಸ್ಪೆಕ್ಟರ್ ಹೆಸರಿನಲ್ಲಿ ದೋಷಾರೋಪಪಟ್ಟಿ ಸಲ್ಲಿಕೆಯಾಗುತ್ತದೆ. ತೆರೆದು ಬಿಟ್ಟದ್ದು ಒಂದನ್ನೇ. ಕ್ವಾರಿಯ ದಡದಲ್ಲಿ ಪಂಚನಾಗಿ ಸಹಿ ಹಾಕಿದವನ ಹೆಸರು, ವರ್ಷಗಳ ಹಿಂದೆ ಮುಕ್ತಾಯಗೊಂಡ ಇನ್ನೊಂದು ಯು.ಡಿ.ಆರ್. ಕಡತದಲ್ಲಿಯೂ ಇದೆ. ಆ ಕಡತವನ್ನು ನಾಯಕಿ ರೆಕಾರ್ಡ್ ಕೋಣೆಯಿಂದ ಕೇಳಿ ತರಿಸಿಕೊಳ್ಳುತ್ತಾಳೆ. ಎರಡನೆಯ ಪುಸ್ತಕದ ಕಥೆ ಅದರದೇ.