ಡಿಕಾಕ್ಷನ್ ಇಳಿಯುವಷ್ಟು ಹೊತ್ತು

ಜನವರಿ ಬಂತು ಅಂದರೆ ನಮ್ಮ ಕೊಡಗಿನ ಕಡೆ ಹುಡುಗರಿಗೆ ವ್ಯಾಯಾಮದ ಹುಚ್ಚು ಹಿಡಿಯುತ್ತದೆ. ಹೊಸ ಶೂ, ಕೈಗೆ ವಾಚು, ನೆಲಕ್ಕೆ ಚಾಪೆ, ಡಬ್ಬದಲ್ಲಿ ಯಾವುದೋ ಪುಡಿ. ಕಾಫಿ ಗಿಡ ಅರಳಿಸುವ ಹೂಮಳೆ ಬೀಳುವ ಹೊತ್ತಿಗೆ ಚಾಪೆ ಅಟ್ಟ ಸೇರಿರುತ್ತದೆ. ಆಮೇಲೂ ಉಳಿದ ಒಬ್ಬಿಬ್ಬರನ್ನು ಜೂನ್ ಮಳೆ ಮನೆಯೊಳಗೆ ಕೂರಿಸುತ್ತದೆ. ಯಾಕೋ ಅಂದರೆ ‘ಮನಸ್ಸೇ ಬರಲ್ಲ ಆಂಟಿ’ ಅಂತಾರೆ. ಹಲ್ಲುಜ್ಜುವಾಗ ಮನಸ್ಸನ್ನು ಕೇಳಿ ಉಜ್ಜುತ್ತೀರಾ? ದಿನಾ ಮಾಡುವ ಕೆಲಸಕ್ಕೆ ಹುಮ್ಮಸ್ಸು ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇನ್ನು ಆ ಐದು ಗಂಟೆ ಅಲಾರಂ. ಮೊಬೈಲಿನಲ್ಲಿ ಯಾರೋ ಹೇಳಿದ ಅಂತ ಸಿದ್ದಾಪುರ, ಪಾಲಿಬೆಟ್ಟ ಕಡೆಯವರು ಕತ್ತಲಲ್ಲಿ ತೋಟದ ದಾರಿ ಹಿಡಿದರೆ ಎದುರಿಗೆ ಆನೆ ಸಿಗುತ್ತದೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಕೇಳಲೇಬೇಡಿ. ಹೇಳಿದವನು ಪಟ್ಟಣದ ಪಾರ್ಕಿನಲ್ಲಿ ಓಡುವವನು, ಅವನಿಗೇನು! ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಡಿ. ಕಿವಿಗೆ ಹಾಡು ಸಿಕ್ಕಿಸಿಕೊಂಡು ಮಾತ್ರ ಹೋಗಬೇಡಿ.

ಸರಿ, ಬಿಡದೆ ನಡೆಯುವುದು ಹೇಗೆ? ನಾನು ನಂಬಿರುವುದು ಒಂದೇ ಉಪಾಯ. ಕಾಫಿ ಫಿಲ್ಟರಿಗೆ ನೀರು ಹಾಕಿ, ಮುಚ್ಚಿ, ಹೊರಗೆ ಹೋಗಿಬಿಡಬೇಕು. ಡಿಕಾಕ್ಷನ್ ಇಳಿಯುವ ತನಕ ಒಳಗೆ ಬರಬಾರದು. ಅಷ್ಟೇ.

ಅಷ್ಟೇ ಅಂದೆ, ಆದರೆ ಅದನ್ನೂ ಕೆಡಿಸುವವರಿದ್ದಾರೆ. ಫಿಲ್ಟರಿನ ಮೇಲಿನ ಪಾತ್ರೆ ಒಣಗಿರಬೇಕು. ಪಸೆ ಇದ್ದರೆ ಪುಡಿ ತೂತಿಗೆ ಮೆತ್ತಿಕೊಳ್ಳುತ್ತದೆ. ಅರ್ಧದ ಹತ್ತಿರ ಪುಡಿ ಹಾಕಿ. ಚಮಚದಲ್ಲಿ ಬಡಿಯಬೇಡಿ, ಪಾತ್ರೆಯ ಪಕ್ಕಕ್ಕೆ ಬೆರಳಿನಿಂದ ತಟ್ಟಿದರೆ ತಾನೇ ಸಮ ಆಗುತ್ತದೆ. ಮೇಲೆ ಫಿಲ್ಟರಿನ ಜೊತೆ ಬರುವ ತೂತಿನ ಬಿಲ್ಲೆ ಇಟ್ಟು ಒತ್ತಿ. ಎಷ್ಟು ಒತ್ತಬೇಕು ಅನ್ನುವುದರಲ್ಲೇ ಇದೆ ಗುಟ್ಟು. ಸುಮ್ನೆ ಇಟ್ಟರೆ ಬೇಗ ಇಳಿಯುತ್ತದೆ, ನಡಿಗೆ ಚಿಕ್ಕದು. ಸ್ವಲ್ಪ ಒತ್ತಿದರೆ ನಿಧಾನ, ನಡಿಗೆ ಉದ್ದ. ಚಿಕೋರಿ ಬೆರೆಸಿದ ಪುಡಿ ನೀರು ಕುಡಿದು ಊದಿಕೊಳ್ಳುತ್ತದೆ, ಅದು ಇನ್ನೂ ನಿಧಾನ. ನುಣ್ಣಗಿನ ಪುಡಿಯೂ ಹಾಗೇ. ಹೊಸದಾಗಿ ಶುರು ಮಾಡುವವರು ತರಿ ಪುಡಿ ಹಾಕಿ, ಒತ್ತಲೇಬೇಡಿ. ಕಾಲು ಪಳಗಿದ ಮೇಲೆ ಒತ್ತುತ್ತಾ ಹೋಗಿ. ನೀರು ತಳದಿಂದ ಗುಳ್ಳೆ ಎದ್ದು ಕುದಿ ಹಿಡಿಯುವ ಹೊತ್ತಿಗೆ ಇಳಿಸಿ. ಮೊದಲು ಪುಡಿ ನೆನೆಯುವಷ್ಟು ಮಾತ್ರ ಹಾಕಿ. ಅದು ಉಬ್ಬಿ ಕೂತ ಮೇಲೆ ಸುತ್ತಲೂ ತುಂಬಿಸಿ. ಒಲೆ ಆರಿದೆಯಾ ನೋಡಿ, ಹೊರಡಿ. ತೂತು ಕಟ್ಟಿಕೊಂಡಿದ್ದರೆ ಸೋಪು ಹಾಕಿ ಉಜ್ಜಬೇಡಿ. ಬರೀ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ತೋರಿಸಿ, ಆರಿದ ಮೇಲೆ ಕುಟ್ಟಿದರೆ ಸುಟ್ಟ ಪುಡಿ ಉದುರುತ್ತದೆ.

ನಮ್ಮ ಅತ್ತೆ ಮನೆಯಲ್ಲಿ ಮೊದಲು ಬೆಲ್ಲದ ಕಾಫಿ ಕುದಿಸುತ್ತಿದ್ದರು. ಫಿಲ್ಟರ್ ತಂದವಳು ನಾನು. ಅದರ ಮುಂದೆ ಕಾಯುತ್ತಾ ನಿಲ್ಲುವುದು ಅತ್ತೆಗೆ ಆಗುತ್ತಿರಲಿಲ್ಲ. ಕೊಟ್ಟಿಗೆ, ಕಣ, ಗದ್ದೆ ಬದು ಎಲ್ಲ ಒಂದು ಸುತ್ತು ಹೊಡೆದು ಬಂದು ‘ಇಳೀತಾ?’ ಅನ್ನುವರು. ಇಲ್ಲ ಅಂದರೆ ಬೈಯುತ್ತಾ ಇನ್ನೊಂದು ಸುತ್ತು. ಕೊನೆವರೆಗೂ ಊರುಗೋಲು ಮುಟ್ಟಲಿಲ್ಲ ಆ ಹೆಂಗಸು. ಡಾಕ್ಟರುಗಳು ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಅಂತಾರೆ. ದಿನಕ್ಕೆ ಹಂಚಿದರೆ ಇಪ್ಪತ್ತು ನಿಮಿಷ ಚಿಲ್ಲರೆ. ಗಟ್ಟಿ ಡಿಕಾಕ್ಷನ್ ಇಳಿಯಲೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು, ಅಲ್ವಾ? ಕಾಫಿ ಇಲ್ಲದೆ ದಿನ ಶುರುವಾಗದ ಊರು ನಮ್ಮದು. ಇಲ್ಲಿ ಅಲಾರಂ ಮರೆತರೂ ಫಿಲ್ಟರನ್ನು ಯಾರೂ ಮರೆಯುವುದಿಲ್ಲ.

ಮಳೆಗಾಲ ಅಂತ ಬಿಟ್ಟರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಕೂತಂತೆಯೇ. ಕಕ್ಕಡ ಅಂದರೆ ಜುಲೈ-ಆಗಸ್ಟಿನ ಮಳೆ ತಿಂಗಳಲ್ಲಿ ಮದ್ದುಸೊಪ್ಪಿನ ಪಾಯಸ ಒಂದು ಹೊತ್ತು ತಿಂದು ವರ್ಷದ ಆರೋಗ್ಯ ಆಯ್ತು ಅನ್ನುವವರನ್ನೂ ನೋಡಿದ್ದೇನೆ. ಜೋರು ಮಳೆಯಿದ್ದರೆ ಜಗಲಿಯಲ್ಲೇ ಈ ತುದಿಯಿಂದ ಆ ತುದಿಗೆ ನಡೆಯಿರಿ. ಹೊಳವಾದರೆ ರಸ್ತೆಗೆ ಇಳಿಯಿರಿ, ಹುಲ್ಲಿನ ದಾರಿ ಬೇಡ, ಜಿಗಣೆ. ಶೂ ಒದ್ದೆಯಾದರೆ ಈಗಿನವರು ಒಲೆ ಮೇಲೇ ತೂಗುಹಾಕುತ್ತಾರೆ. ಅಂಟು ಬಿಟ್ಟು ಅಟ್ಟೆ ಕೈಗೆ ಬರುತ್ತದೆ. ಒಳಗಿನ ಅಟ್ಟೆ ತೆಗೆದು, ಹಳೇ ಪೇಪರ್ ಉಂಡೆ ಮಾಡಿ ತುರುಕಿ, ಮಲಗುವ ಮುಂಚೆ ಪೇಪರ್ ಬದಲಿಸಿ. ಬಚ್ಚಲ ಒಲೆಯಿಂದ ಒಂದು ಮಾರು ದೂರ ಇಡಿ. ಕೊಡೆಯನ್ನೂ ಮಡಚಿ ಮೂಲೆಗೆ ಒರಗಿಸಬೇಡಿ, ಬಿಚ್ಚಿಡಿ. ಇಲ್ಲದಿದ್ದರೆ ಕಡ್ಡಿ ತುಕ್ಕು, ಬಟ್ಟೆ ಬೂಸ್ಟು.

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅಂತ ಒಬ್ಬಳು ನನಗೇ ಪಾಠ ಹೇಳಿದಳು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಜನರ ಮೇಲೆ ನೋಡಿ 2010ರಲ್ಲಿ ಅಚ್ಚು ಹಾಕಿಸಿದ ಲೆಕ್ಕವೇ ಬೇರೆ. ಸರಾಸರಿ 66 ದಿನ. ಕೆಲವರಿಗೆ 18, ಕೆಲವರಿಗೆ 254 ದಿನ ಹಿಡಿಯುವಂತಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಡಲಿಲ್ಲ. ಹಾಗಾಗಿ ಮದುವೆ ಮನೆಗೆ ಹೋಗಿ ತಪ್ಪಿತು ಅಂತ ಅಳಬೇಡಿ. ಮರುದಿನ ಫಿಲ್ಟರ್ ಹಾಕಿ ಹೊರಡಿ.

ಊಟದ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಹಂದಿ ಸಾರು ಬಿಟ್ಟೆ ಅಂತ ಶಪಥ ಮಾಡಿದವರು ಪುತ್ತರಿ ಸುಗ್ಗಿ ಹಬ್ಬಕ್ಕೆ ಮೊದಲ ಪಂಕ್ತಿಯಲ್ಲೇ ಕೂತಿರುತ್ತಾರೆ. ಬಿಡಬೇಡಿ, ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಎರಡು ಕಡಿಮೆ ಹಾಕಿಸಿಕೊಳ್ಳಿ, ಪಲ್ಯ ಜಾಸ್ತಿ ತಿನ್ನಿ, ರಾತ್ರಿ ಊಟ ಬೇಗ ಮುಗಿಸಿ. ಮೊಣಕಾಲು ನೋವಿದ್ದವರು ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿ. ಏರು ಹತ್ತುವಾಗ ಎದೆ ಹಿಡಿದುಕೊಂಡರೆ ಅಲ್ಲೇ ನಿಂತುಬಿಡಿ. ಆಮೇಲೆ ನೇರ ಡಾಕ್ಟರ ಹತ್ತಿರ ಹೋಗಿ, ನನ್ನ ಮಾತು ಓದುತ್ತಾ ಕೂರಬೇಡಿ.