ಅಣಬೆಯ ಗುರುತು ಬುಡದಲ್ಲಿದೆ

ಜುಲೈ ಮಳೆಯಲ್ಲಿ ಶಿರಸಿ ಕಡೆಯ ಸೊಪ್ಪಿನ ಬೆಟ್ಟಕ್ಕೆ ಹೋದರೆ ಕಾಲಿಗೆ ಉಂಬಳ, ಕಣ್ಣಿಗೆ ಅಣಬೆ. ಹೋದ ಮಳೆಗಾಲ ಅಂಗೈ ಅಗಲದ ಬಿಳಿ ಅಣಬೆಯೊಂದನ್ನು ಸುಮ್ನೆ ಕಿತ್ತು ತಂದೆ. ಊರಿನ ಹಿರಿಯರೊಬ್ಬರು ತಿರುಗಿಸಿ ನೋಡಿ, "ಬುಡ ಎಲ್ಲಿ ತಮಾ?" ಎಂದರು. ಅದು ಬೆಟ್ಟದಲ್ಲೇ ಉಳಿದಿತ್ತು.

ಹಾಗಾಗಿ ಕೈ ಹಾಕುವ ಮೊದಲು ಫೋಟೊ ತೆಗೆಯಿರಿ. ಮೇಲಿಂದ, ಪಕ್ಕದಿಂದ, ಕೊಡೆಯ ಅಡಿಯಿಂದ. ಮಣ್ಣಿನಲ್ಲಿ ಎದ್ದಿದೆಯೋ, ಕೊಳೆತ ಮರದ ಮೇಲೋ, ಹುತ್ತದ ಹತ್ತಿರವೋ ಬರೆದುಕೊಳ್ಳಿ. ಅಭಯಾರಣ್ಯದೊಳಗಾದರೆ ಫೋಟೊ ಮಾತ್ರ, ಕೀಳುವಂತಿಲ್ಲ.

ಬಿದಿರು ಮೆಳೆಯಲ್ಲಿ ಬಿಳಿ ಬಲೆಯ ಲಂಗ ತೊಟ್ಟದ್ದು ಸಿಕ್ಕರೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೊಳೆತ ವಾಸನೆ, ತಲೆ ತುಂಬ ನೊಣ. ಅದು ಫ್ಯಾಲಸ್ ಇಂಡುಸಿಯಾಟಸ್. ಬೀಜಕ ಹರಡುವ ಕೆಲಸವನ್ನು ನೊಣಗಳಿಗೆ ಒಪ್ಪಿಸಿದೆ!

ಉಳಿದವಕ್ಕೆ ಚಾಕು ಬೇಕು. ಸುತ್ತಲ ಮಣ್ಣು ಬಿಡಿಸಿ, ಬುಡ ಸಮೇತ ಎಬ್ಬಿಸಿ. ಬೇರಿನಂತೆ ಉದ್ದಕ್ಕೆ ಇಳಿದಿದ್ದರೆ ಗೆದ್ದಲು ಬೆಳೆಸುವ ಹುತ್ತದ ಅಣಬೆ ಇರಬಹುದು. ಒಡೆದ ಮೊಟ್ಟೆಯ ಚಿಪ್ಪಿನಂಥ ಚೀಲದಲ್ಲಿ ಕೂತಿದ್ದರೆ ಹುಷಾರು. ಜೀವ ತೆಗೆಯುವ ಅಣಬೆಗಳಿರುವ ಅಮಾನಿಟಾ ಗುಂಪಿನಲ್ಲಿ ಈ ಚೀಲ ಸಾಮಾನ್ಯ. ಆ ವಿಷ ಬೇಯಿಸಿದರೂ ಹೋಗುವುದಿಲ್ಲ. ವಾಂತಿ ಶುರುವಾಗುವುದೇ 6 ರಿಂದ 12 ಗಂಟೆ ಕಳೆದ ಮೇಲೆ.

ತೊಡಕು ಏನೆಂದರೆ, ಜನ ತಿನ್ನುವ ಭತ್ತದ ಹುಲ್ಲಿನ ಅಣಬೆಗೂ ಇಂಥದೇ ಚೀಲವಿದೆ. ಇಲ್ಲಿ ಬೀಜಕದ ಅಚ್ಚು, ಅಂದರೆ ಕೊಡೆಯಡಿಯಿಂದ ಉದುರುವ ಪುಡಿಯ ಗುರುತು ಬೇಕು. ಅಣಬೆಯನ್ನು ಅಡಿಕೆ ಹಾಳೆಯಲ್ಲಿ ಮನೆಗೆ ತನ್ನಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವೆತು ಕೊಳೆಯುತ್ತದೆ. ಕಾಂಡ ಕತ್ತರಿಸಿ, ಕೊಡೆಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ, ಅಡಿಯ ಪದರಗಳು ಕಾಗದಕ್ಕೆ ತಾಗುವಂತೆ ಇಡಿ. ಮೇಲೊಂದು ಲೋಟ ಮುಚ್ಚಿ. ಬೆಳಿಗ್ಗೆ ಎತ್ತಿದರೆ ಒಂದೊಂದು ಪದರವೂ ನುಣ್ಣನೆ ಪುಡಿಯಲ್ಲಿ ಗೆರೆ ಗೆರೆಯಾಗಿ ಬಿದ್ದಿರುತ್ತದೆ, ರಂಗೋಲಿ ಎಳೆದ ಹಾಗೆ. ಬಿಳಿಯಾದರೆ ಅಮಾನಿಟಾದ ಅನುಮಾನ ಗಟ್ಟಿ. ನಸುಗೆಂಪು ಹುಲ್ಲಿನ ಅಣಬೆಯದು, ಹುತ್ತದ್ದಕ್ಕೂ ಅದೇ ಬಣ್ಣ. ಹಸಿರು ಬಿದ್ದರೆ ಹುಲ್ಲು ಬೆಳೆದ ಅಂಗಳದಲ್ಲೂ ಏಳುವ ಕ್ಲೋರೊಫಿಲಮ್. ಅದು ಹೊಟ್ಟೆ ಕೆಡಿಸುತ್ತದೆ.

ಅರಿಶಿನ, ಬೆಳ್ಳಿ ಚಮಚ, ಹುಳ ತಿಂದ ಗುರುತು ಇವನ್ನೆಲ್ಲ ನಂಬಬೇಡಿ. ಮೊಬೈಲ್ ಆಪ್ ಹೇಳುವ ಹೆಸರೂ ಬರೀ ಊಹೆ. ಫೋಟೊ, ಬುಡ, ಅಚ್ಚು ಮೂರನ್ನೂ ಅಣಬೆ ಬಲ್ಲವರಿಗೆ ತೋರಿಸಿ. ಅಲ್ಲಿಯವರೆಗೆ ಹಾಳೆ ಅಡುಗೆಮನೆಯ ಹೊರಗೇ ಇರಲಿ.