ಡಿಪೊದ ಚಾರ್ಜಿಂಗ್ ಮತ್ತು ಗ್ರಿಡ್‌ನ ಹೊರೆ: ಹೊಂದಿಸಿಕೊಳ್ಳುವುದು ಹೇಗೆ?

ವಿದ್ಯುತ್ ಚಾಲಿತ ಬಸ್ಸು ಅಥವಾ ಸರಕು ವಾಹನಗಳನ್ನು ದೊಡ್ಡ ಸಂಖ್ಯೆಯಲ್ಲಿ ಓಡಿಸಲು ಹೊರಟವರು ಮೊದಲು ವಾಹನ, ಆಮೇಲೆ ಚಾರ್ಜರ್, ಕೊನೆಗೆ ವಿದ್ಯುತ್ ಸಂಪರ್ಕ ಎಂದು ಯೋಚಿಸುವುದೇ ಹೆಚ್ಚು. ವಾಹನ ಕೆಲವು ತಿಂಗಳಲ್ಲಿ ಬಂದುಬಿಡಬಹುದು. ಹೊಸ ಫೀಡರ್ (ಉಪಕೇಂದ್ರದಿಂದ ವಿದ್ಯುತ್ ತರುವ ಮಾರ್ಗ) ಅಥವಾ ಉಪಕೇಂದ್ರಕ್ಕೆ ವರ್ಷಗಳೇ ಹಿಡಿಯಬಹುದು. ಆದ್ದರಿಂದ ಖರೀದಿಗೆ ಸಹಿ ಹಾಕುವ ಮುನ್ನವೇ ವಿತರಣಾ ಕಂಪನಿಯ ಎಂಜಿನಿಯರರೊಂದಿಗೆ ಕುಳಿತು ಮಾತನಾಡಬೇಕು.

ಆ ಮಾತುಕತೆಗೆ ವಾಹನಗಳ ಸಂಖ್ಯೆಗಿಂತ ಅವುಗಳ ವೇಳಾಪಟ್ಟಿ ಮುಖ್ಯ. 40 ಬಸ್ಸುಗಳ ಡಿಪೊದಲ್ಲಿ ಒಂದೊಂದಕ್ಕೂ 50 ಕಿಲೋವಾಟ್ ಚಾರ್ಜರ್ ಇದ್ದು, ಎಲ್ಲವೂ ಒಟ್ಟಿಗೆ ಚಾಲೂ ಆದರೆ 2,000 ಕಿಲೋವಾಟ್ ಲೋಡ್ ಬೀಳುತ್ತದೆ. ಆದರೆ ಪ್ರತಿ ಬಸ್ಸಿಗೆ ರಾತ್ರಿ ಬೇಕಾಗುವುದು 120 ಯೂನಿಟ್, ಅದು ನಿಲ್ಲುವುದು 8 ಗಂಟೆ ಎಂದಾದರೆ, ಒಟ್ಟು 4,800 ಯೂನಿಟ್‌ಗಳನ್ನು ಸಮನಾಗಿ ಹಂಚಿದಾಗ ಸರಾಸರಿ 600 ಕಿಲೋವಾಟ್ ಸಾಕು. ಚಾರ್ಜಿಂಗ್ ನಷ್ಟಕ್ಕೂ ತಡವಾಗಿ ಬರುವ ಬಸ್ಸುಗಳಿಗೂ ಸೇರಿಸಿ 800 ಎಂದಿಟ್ಟುಕೊಂಡರೂ, ಮಂಜೂರು ಮಾಡಿಸಬೇಕಾದ ಲೋಡ್ ಅರ್ಧಕ್ಕಿಂತ ಕಡಿಮೆಯಾಯಿತು.

ಈ ಲೆಕ್ಕ ಕಾಗದದಲ್ಲೇ ಉಳಿಯದಿರಲು, ಯಾವ ಚಾರ್ಜರ್‌ಗೆ ಯಾವಾಗ ಎಷ್ಟು ವಿದ್ಯುತ್ ಎಂದು ಹಂಚುವ ಲೋಡ್ ನಿರ್ವಹಣಾ ತಂತ್ರಾಂಶ ಬೇಕು. ಚಾರ್ಜರ್ ಮತ್ತು ತಂತ್ರಾಂಶದ ನಡುವಿನ ಸಂವಹನಕ್ಕಿರುವ ಒಸಿಪಿಪಿಯಂಥ (OCPP) ಮುಕ್ತ ಮಾನದಂಡಕ್ಕೆ ಚಾರ್ಜರ್‌ಗಳು ಹೊಂದುತ್ತವೆಯೇ ಎಂದು ಟೆಂಡರ್ ಹಂತದಲ್ಲೇ ನೋಡಿಕೊಂಡರೆ ಒಂದೇ ತಯಾರಕರಿಗೆ ಅಂಟಿಕೊಳ್ಳಬೇಕಾಗುವುದಿಲ್ಲ. ಬೇಗ ಹೊರಡುವ ಬಸ್ಸಿಗೆ ಆದ್ಯತೆ ಇರಲಿ. ತಂತ್ರಾಂಶದೊಂದಿಗಿನ ಸಂಪರ್ಕ ಕಡಿದುಹೋದಾಗ ಚಾರ್ಜರ್‌ಗಳು ಪೂರ್ಣ ವೇಗಕ್ಕೆ ಜಿಗಿಯದೆ ಮೊದಲೇ ನಿಗದಿಪಡಿಸಿದ ಕಡಿಮೆ ಮಿತಿಗೆ ಇಳಿಯಲಿ. ಬಿಲ್ಲಿನ ಒಂದು ಭಾಗವನ್ನು ನಿರ್ಧರಿಸುವ ಗರಿಷ್ಠ ಬೇಡಿಕೆಯನ್ನು (ತಿಂಗಳಲ್ಲಿ ತಲುಪಿದ ಅತಿ ಹೆಚ್ಚಿನ ಲೋಡ್) ಸಾಮಾನ್ಯವಾಗಿ 15 ಅಥವಾ 30 ನಿಮಿಷಗಳ ಸರಾಸರಿಯಲ್ಲಿ ಅಳೆಯುವುದರಿಂದ, ಒಂದೇ ಅರ್ಧ ಗಂಟೆಯ ಅಜಾಗರೂಕತೆ ಇಡೀ ತಿಂಗಳ ಬಿಲ್ಲನ್ನು ಏರಿಸಬಲ್ಲದು.

ಅಗ್ಗದ ದರದ ಅವಧಿ ಆರಂಭವಾದ ಗಳಿಗೆಯಲ್ಲೇ ಎಲ್ಲ ಡಿಪೊಗಳೂ ಚಾರ್ಜಿಂಗ್ ಶುರು ಮಾಡಿದರೆ ಅಲ್ಲೇ ಹೊಸದೊಂದು ಗರಿಷ್ಠ ಬೇಡಿಕೆ ಹುಟ್ಟುತ್ತದೆ. (ದರ ನಿಗದಿ ಮಾಡುವವರೂ ಇದನ್ನು ನೆನಪಿಡಬೇಕು.) ಕೆಲವು ನಿಮಿಷಗಳ ಅಂತರದಲ್ಲಿ ಸರದಿಯಂತೆ ಆರಂಭಿಸುವುದು ಇದಕ್ಕೆ ಸರಳ ಪರಿಹಾರ.

ಗ್ರಿಡ್ ಕೇಳಿದಾಗ ಲೋಡ್ ಇಳಿಸುವ ಒಪ್ಪಂದಕ್ಕೆ ಬಂದರೆ, ಎಷ್ಟು ಮುಂಚಿತವಾಗಿ ಸೂಚನೆ, ಎಷ್ಟು ಹೊತ್ತು, ವಾರಕ್ಕೆ ಎಷ್ಟು ಬಾರಿ ಎಂಬುದರ ಜೊತೆಗೆ, ಇಳಿಕೆಯನ್ನು ಯಾವ ಮಟ್ಟದಿಂದ ಅಳೆಯಲಾಗುತ್ತದೆ ಎಂಬುದನ್ನೂ ಬರೆಸಿಕೊಳ್ಳಬೇಕು. ತಕರಾರು ಏಳುವುದು ಹೆಚ್ಚಾಗಿ ಅಲ್ಲಿಯೇ. ವಾಹನದಿಂದ ಗ್ರಿಡ್‌ಗೆ ವಿದ್ಯುತ್ ಮರಳಿಸುವ ವ್ಯವಸ್ಥೆಯನ್ನು ನನ್ನ ಮಟ್ಟಿಗೆ ಕೊನೆಯ ಹಂತಕ್ಕೆ ಇಡುವುದು ಒಳ್ಳೆಯದು. ಅದಕ್ಕೆ ವಾಹನ, ಚಾರ್ಜರ್ ಎರಡೂ ಸಿದ್ಧವಿರಬೇಕು, ವಿತರಣಾ ಕಂಪನಿಯ ಅನುಮತಿಯೂ ಬೇಕು. ದಿನದ ಬಹುಪಾಲು ನಿಂತೇ ಇರುವ ಶಾಲಾ ಬಸ್ಸುಗಳಿಗೆ ಇದು ಹೊಂದುತ್ತದೆಯಾದರೂ, ಹೀಗೆ ಬಳಸಿದರೆ ಬ್ಯಾಟರಿಯ ವಾರಂಟಿ ಉಳಿಯುತ್ತದೆಯೇ ಎಂಬುದಕ್ಕೆ ತಯಾರಕರಿಂದ ಲಿಖಿತ ಉತ್ತರ ಪಡೆದ ನಂತರವೇ ಮುಂದುವರಿಯಬೇಕು.